ತಣ್ಣಗಿದ್ದ ಅಂಜಲ್

ನಮ್ಮ ಕಡೆ ಸಮುದ್ರದ ಮೀನು ಎಂದರೆ ತಣ್ಣಗಿರುವ ವಸ್ತು. ವಾರಕ್ಕೊಮ್ಮೆ ಕರಾವಳಿಯಿಂದ ಘಾಟಿ ಹತ್ತಿ ಬರುವ ವ್ಯಾನು ಹಾನುಬಾಳಿನಲ್ಲಿ ಒಂದಿಷ್ಟು ಹೊತ್ತು ನಿಂತು, ಆಮೇಲೆ ನಮ್ಮ ತೋಟದ ರಸ್ತೆಗೆ ತಿರುಗಿ ಹಾರ್ನ್ ಹೊಡೆಯುತ್ತಿತ್ತು. ಮೀನಿನವನು ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಮೊದಲು ಕಾಣುವುದು ಐಸು, ಆಮೇಲೆ ಮೀನು. ನಾವು ಹೆಂಗಸರು ಕಿವಿರು ಬಿಡಿಸಿ ನೋಡುತ್ತಿದ್ದೆವು, ಬೆನ್ನು ಒತ್ತಿ ನೋಡುತ್ತಿದ್ದೆವು, ಕೊನೆಗೆ ಅಂಗೈಯನ್ನೇ ಮೀನಿನ ಮೇಲೆ ಇಟ್ಟು ನೋಡುತ್ತಿದ್ದೆವು. ಕೈ ಜುಮ್ಮೆಂದರೆ ಒಳ್ಳೆಯ ಮೀನು. ಸ್ವಲ್ಪ ಬೆಚ್ಚಗಿದ್ದರೆ ಕೆಟ್ಟಿದೆ ಎಂದು ಲೆಕ್ಕ. ನಾನು ಹುಟ್ಟಿದ ಕೆ. ಹೊಸಕೋಟೆ ಕಡೆಗೂ ಸಮುದ್ರದ ಮೀನು ಹೀಗೆಯೇ ಬರುತ್ತಿತ್ತು. ಸಮುದ್ರವೇ ಅಷ್ಟು ತಣ್ಣಗಿರಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಆದದ್ದು ಇದಿಲ್ಲದೆ ಅರ್ಥವಾಗುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ಒಂದು ಮಾರ್ಚ್ ತಿಂಗಳು. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗಿತ್ತು. ನನ್ನ ಮೈದುನನಿಗೆ ವನಗೂರು ಕಡೆಯ ಹೆಣ್ಣು ಗೊತ್ತಾಗಿತ್ತು. ಮದುವೆಗೆ ಮೊದಲು ಅಣ್ಣ ತಮ್ಮಂದಿರ ಪಾಲು ಆಗಿಬಿಡಲಿ ಎಂದು ಹೆಣ್ಣಿನ ಕಡೆಯವರು ಹೇಳಿ ಕಳಿಸಿದ್ದರು. ನಮ್ಮ ಮನೆಯಲ್ಲಿ ಯಾರೂ ಅದಕ್ಕೆ ಬೇಸರ ಪಟ್ಟುಕೊಳ್ಳಲಿಲ್ಲ. ಒಂದಲ್ಲ ಒಂದು ದಿನ ಆಗಬೇಕಾದದ್ದೇ.

ನಮ್ಮಲ್ಲಿ ಪಾಲಿಗೆ ಒಂದು ಪದ್ಧತಿ ಇದೆ. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಹಾಗಾದರೆ ಪಾಲು ಮಾಡುವವನು ಮೋಸ ಮಾಡುವುದಿಲ್ಲ. ನನ್ನ ಗಂಡ ಹಿರಿಯರು. ಅವರು ಬಹಳ ಯೋಚನೆ ಮಾಡಿ ಎರಡು ಪಾಲು ಮಾಡಿದರು. ರಸ್ತೆ, ಕಣ, ಸ್ಟೋರ್, ಕೆಳಗಿನ ಹಳೆಯ ತೋಟ ಒಂದು ಕಡೆ. ಮೇಲಿನ ತೋಟ ಮತ್ತು ಅದರ ತಲೆಯಲ್ಲಿರುವ ಬೇಸಿಗೆಯಲ್ಲೂ ಬತ್ತದ ಒರತೆ ಇನ್ನೊಂದು ಕಡೆ. ತೂಕ ಹಾಕಿ ನೋಡಿದರೆ ಎರಡೂ ಸಮವೇ. ಆದರೆ ನನಗೆ ಸಮವಾಗಿರಲಿಲ್ಲ.

ಮೇಲಿನ ತೋಟ ನಾನು ಮಾಡಿದ್ದು. ನಾನು ಮದುವೆಯಾಗಿ ಬಂದಾಗ ಅಲ್ಲಿದ್ದ ಅರೇಬಿಕಾ ಗಿಡಗಳೆಲ್ಲ ಕಾಂಡಕೊರಕ ಹುಳು ಬಿದ್ದು ಒಣಗಿ ನಿಂತಿದ್ದವು. ಅವನ್ನು ಕಿತ್ತು ಸುಟ್ಟ ಮೇಲೆ ಬೋಳಾಗಿದ್ದ ಇಳಿಜಾರಿನಲ್ಲಿ ರೊಬಸ್ಟಾ ಹಾಕೋಣ ಎಂದವಳು ನಾನು. ಒರತೆಯ ಪಕ್ಕದಲ್ಲಿ ಪಾತಿ ಮಾಡಿ ಬೀಜ ಹಾಕಿದೆ. ಬೀಜವನ್ನೇ ಟೋಪಿಯಂತೆ ತಲೆಯ ಮೇಲೆ ಹೊತ್ತುಕೊಂಡು ಏಳುವ ಸಸಿಗಳನ್ನು ಒಂದೊಂದಾಗಿ ಚೀಲಕ್ಕೆ ಕೂರಿಸಿದೆ. ಆಗ ನನ್ನ ಗಂಡ ಕೆಳಗಿನ ತೋಟ ನೋಡಿಕೊಳ್ಳುತ್ತಿದ್ದರು, ಮೈದುನ ಹಾಸನದಲ್ಲಿ ಓದುತ್ತಿದ್ದ. ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದವಳೂ ನಾನೇ. ಆ ವರ್ಷ ಮೊದಲ ಬಾರಿಗೆ ಪೂರ್ತಿ ಫಸಲು ಬಂದಿತ್ತು. ಆ ತೋಟ ನಮ್ಮ ಪಾಲಿಗೆ ಉಳಿಯಲಿ ಎನ್ನುವುದೊಂದೇ ನನ್ನ ಆಸೆ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪದ್ಧತಿಯ ಪ್ರಕಾರ ಮೈದುನ ಮೊದಲು ಆರಿಸಬೇಕು. ಅವನು ಒಂದು ಸಂಜೆ ಊಟದ ಹೊತ್ತಿಗೆ ಎಲ್ಲರ ಎದುರೂ ಹೇಳಿದ: "ನಾನು ಆರಿಸಕ್ಕಿಲ್ಲ ಕಣವ್ವ. ನಾನೇನಾದ್ರೂ ಮೇಲಿನ್ ತೋಟ ಅಂದ್ಬುಟ್ರೆ ಅತ್ತಿಗೆ ಜೀವನ್ಪೂರ್ತಿ ಮುಖ ಊದಿಸ್ಕಂಡಿರ್ತಾರೆ. ಬ್ಯಾಡ ಅಂದ್ರೆ ಹೆಣ್ಣಿನ್ ಮನೆಯೋರು ಯಾಕ್ ಬುಟ್ಟೆ ಅಂತ ಕೇಳ್ತಾರೆ. ಯಾರ್ಗೂ ಬೇಜಾರಾಗ್ದಂಗೆ ಆಗ್ಲಿ."

"ಮತ್ತೆ? ಚೀಟಿ ಎತ್ತದಾ?" ಎಂದರು ನನ್ನ ಗಂಡ.

"ಚೀಟಿ ಗೀಟಿ ನಮ್ಮನೇಲಿ ಬ್ಯಾಡ," ಎಂದರು ಅತ್ತೆ. "ಹುಡುಗ್ರಾಗಿದ್ದಾಗ ಏನ್ ಮಾಡ್ತಿದ್ರಿ? ಹೊಳೇಲಿ ಯಾರ್ಗೆ ಮೊದ್ಲು ಮೀನು ಬತ್ತದೋ ಅವ್ರದ್ದೇ ಗೆಲುವು ಅಂತಿರ್ನಿಲ್ವಾ?"

ಮೈದುನ ನಕ್ಕ. "ಹೊಳೆ ಯಾಕವ್ವ, ಸಮುದ್ರಕ್ಕೇ ಹೋಗಣ. ಮೀನಿನ್ ವ್ಯಾನವ್ನು ನಂಗೆ ದೋಸ್ತು. ದೋಣಿ ಗೊತ್ತು ಮಾಡ್ಕೊಡ್ತಾನೆ. ಮನೆ ಮಂದಿ ಎಲ್ಲಾ ಹೋಗಣ. ಯಾರ್ಗೆ ಮೊದ್ಲು ಅಂಜಲ್ ಮೀನು ಬೀಳುತ್ತೋ ಅವ್ರು ಮೊದ್ಲು ಆರಿಸ್ಲಿ. ಸಮುದ್ರನೇ ಹೇಳ್ಲಿ ಬುಡು."

ನನ್ನ ಗಂಡ ನನ್ನ ಕಡೆ ನೋಡಿದರು. ನನ್ನ ಕಣ್ಣು ತುಂಬಿ ಬಂದಿತ್ತು. ತನ್ನ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟನಲ್ಲ ಎಂದು ನಾನು ಎದ್ದು ಅವನ ತಟ್ಟೆಗೆ ಇನ್ನೊಂದು ಅಕ್ಕಿರೊಟ್ಟಿ ಹಾಕಿದೆ.

ಮಕ್ಕಳಿಗೆ ಪರೀಕ್ಷೆ ಇದ್ದುದರಿಂದ ಅವರನ್ನು ನನ್ನ ತಾಯಿಯ ಬಳಿ ಬಿಟ್ಟು, ನಾವು ನಾಲ್ಕು ಜನ ಜೀಪಿನಲ್ಲಿ ಘಾಟಿ ಇಳಿದೆವು. ಇಳಿಯುತ್ತಾ ಹೋದಂತೆ ಸೆಖೆ ಏರಿತು. ಅತ್ತೆ ಸ್ವೆಟರ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು, "ಇದೇನ್ ಒಲೆ ಮುಂದೆ ಕೂತಂಗೈತಲ್ಲ," ಎನ್ನುತ್ತಿದ್ದರು. ರಾತ್ರಿ ವ್ಯಾನಿನವನ ನೆಂಟರ ಮನೆಯಲ್ಲಿ ಮಲಗಿ ಬೆಳಕು ಹರಿಯುವಾಗ ಬಂದರಿಗೆ ಹೋದೆವು.

ದೋಣಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ನಡುವೆ ಎಂಜಿನ್ನು, ಅದರ ಹಿಂದೆ ಎಡಗಡೆಗೆ ಟಾರ್ಪಾಲು ಮುಚ್ಚಿದ ಐಸಿನ ಪೆಟ್ಟಿಗೆ. ನಡೆಸುವವನನ್ನು ಅವರು ತಾಂಡೇಲ ಎನ್ನುತ್ತಿದ್ದರು. ಅವನ ಜೊತೆ ಗಾಳ ನೋಡಿಕೊಳ್ಳುವ ಇನ್ನೊಬ್ಬನಿದ್ದ. ಅಂಜಲ್ ಹಿಡಿಯುವುದು ಹೇಗೆ ಎಂದು ತಾಂಡೇಲನೇ ಹೇಳಿದ: ದೋಣಿ ನಿಲ್ಲಿಸುವ ಹಾಗಿಲ್ಲ, ಹಿಂದೆ ಉದ್ದಕ್ಕೆ ದಾರ ಬಿಟ್ಟು ಎಳೆದುಕೊಂಡೇ ಹೋಗಬೇಕು. ಗಾಳಕ್ಕೆ ಕಟ್ಟಿದ ಬಂಗುಡೆ ಮೀನು ನೀರಿನಲ್ಲಿ ಓಡುವ ಹಾಗೆ ಕಂಡರೆ ಅಂಜಲ್ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. "ಕಚ್ಚಿದರೆ ನಿಮ್ಗೆ ಗೊತ್ತಾಗ್ತದೆ ಮಾರಾಯ್ರೆ, ಕೈ ಹರ್ದು ಹೋಗುವ ಹಾಗೆ ಎಳಿತದೆ. ಬಟ್ಟೆ ಸುತ್ತಿಕೊಳ್ಳಿ."

ಬಲಗಡೆಯ ದಾರ ನನ್ನ ಗಂಡನಿಗೆ, ಎಡಗಡೆಯದು ಮೈದುನನಿಗೆ. ಜಾಗ ಆರಿಸಿದವನು ಮೈದುನ.

ಬಂದರು ದಾಟಿದ ಮೇಲೆ ನಾನು ಬದಿಗೆ ಬಾಗಿ ಕೈ ಚಾಚಿದೆ. ದೋಣಿ ಸೀಳಿದ ನೀರು ಕೈಗೆ ತಗುಲಿತು. ಅದು ತಣ್ಣಗಿರಲಿಲ್ಲ. ಮಗುವಿಗೆ ಸ್ನಾನ ಮಾಡಿಸಲು ಹದ ಮಾಡಿ ಇಟ್ಟ ನೀರಿನ ಹಾಗಿತ್ತು. ಎಷ್ಟು ಆಶ್ಚರ್ಯವಾಯಿತೆಂದರೆ ಅತ್ತೆಯ ಕೈ ಹಿಡಿದು ಅವರಿಗೂ ಮುಟ್ಟಿಸಿದೆ. "ಬೆಚ್ಚಗೈತಲ್ಲೇ!" ಎಂದು ಅವರು ಉಪ್ಪುನೀರನ್ನು ಕಣ್ಣಿಗೆ ಒತ್ತಿಕೊಂಡರು. ಅವರು ಆ ದಿನ ನಕ್ಕದ್ದು ಅಲ್ಲಿಯವರೆಗೆ ಮಾತ್ರ. ದಡ ಮಸುಕಾಗಿ ಅಲೆ ಉದ್ದುದ್ದಕ್ಕೆ ಏಳತೊಡಗಿದಾಗ ಅವರಿಗೆ ಹೊಟ್ಟೆ ತೊಳಸಿತು. ನಾನು ಮುಂದುಗಡೆ ಕುಳಿತು ಅವರ ತಲೆಯನ್ನು ತೊಡೆಯ ಮೇಲೆ ಇರಿಸಿಕೊಂಡು ಮೂಗಿಗೆ ನಿಂಬೆಹಣ್ಣು ಹಿಡಿದೆ. ಹಾಗೆ ಕುಳಿತರೆ ದೋಣಿಯ ಹಿಂಭಾಗಕ್ಕೆ ನನ್ನ ಬೆನ್ನು.

ಎಷ್ಟೋ ಹೊತ್ತು ಏನೂ ಆಗಲಿಲ್ಲ. ಎಂಜಿನ್ನಿನ ಸದ್ದು ಮತ್ತು ಮೈದುನನ ಮಾತು ಮಾತ್ರ.

"ಅಣ್ಣ, ಅದೇನ್ ದೇವ್ರ ದಾರ ಹಿಡ್ದಂಗೆ ಹಿಡ್ಕಂಡಿದೀಯ. ಸ್ವಲ್ಪ ಸಡ್ಲ ಬುಡೋ."

"ನಿಂದ್ ನೀನ್ ನೋಡ್ಕೊ ಹೋಗೋ," ಎಂದರು ನನ್ನ ಗಂಡ. ಅವರ ದನಿಯಲ್ಲಿ ಸಂತೋಷವಿತ್ತು. ಅಣ್ಣ ತಮ್ಮಂದಿರು ಹುಡುಗರಾಗಿದ್ದಾಗ ಹೊಳೆಯಲ್ಲಿ ಹೀಗೇ ಮಾತಾಡಿಕೊಂಡಿರಬೇಕು ಎಂದುಕೊಂಡೆ. ಮನಸ್ಸಿನಲ್ಲಿ ಒಂದೇ ಬೇಡಿಕೆ. ಬಲಗಡೆ ಬೀಳಲಿ, ಬಲಗಡೆ ಬೀಳಲಿ.

ಆಮೇಲೆ ಮೈದುನನ ಕೂಗು ಕೇಳಿತು. "ಬಿತ್ತು! ಬಿತ್ತು ಕಣೋ ಅಣ್ಣ!"

ನಾನು ಅತ್ತೆಯ ತಲೆಯನ್ನು ಮೆಲ್ಲಗೆ ಕೆಳಗಿರಿಸಿ ತಿರುಗುವಷ್ಟರಲ್ಲಿ ಮೀನು ಹಲಗೆಯ ಮೇಲಿತ್ತು. ಬಾಯಲ್ಲಿ ಗಾಳವಿತ್ತು. ಗಾಳದವನು ಒಂದು ಮರದ ತುಂಡಿನಿಂದ ಅದರ ತಲೆಗೆ ಹೊಡೆದ. ಅದು ನೀರಿನಿಂದ ಮೇಲೆ ಬಂದದ್ದನ್ನು ನಾನು ನೋಡಲಿಲ್ಲ. ನನ್ನ ಗಂಡನೂ ನೋಡಲಿಲ್ಲ. ನಡುವೆ ಎಂಜಿನ್ನಿನ ಗೂಡು ಇತ್ತು, ಅವರ ಕಣ್ಣು ತಮ್ಮ ದಾರದ ಮೇಲಿತ್ತು. ನೀರು ಚಿಮ್ಮಿದ ಸದ್ದು ನನಗೆ ಕೇಳಿಸಲಿಲ್ಲ. ಎಂಜಿನ್ನಿನ ಸದ್ದಿಗೆ ಕೇಳಿಸದೆ ಇರಲೂಬಹುದು.

ತೋಳುದ್ದದ ಅಂಜಲ್. ನಾನು ಹತ್ತಿರ ಹೋಗಿ ಅಭ್ಯಾಸದಂತೆ ಅದರ ಮೇಲೆ ಅಂಗೈ ಇಟ್ಟೆ. ಕೈ ಜುಮ್ಮೆಂದಿತು. ಒಳ್ಳೆಯ ಮೀನು ಎಂದುಕೊಂಡೆ. ನಿಜವಾಗಿ ಅಷ್ಟೇ ಅಂದುಕೊಂಡದ್ದು. ಆಮೇಲೆ ಮೇಲಿನ ತೋಟ ನೆನಪಾಯಿತು.

"ಅತ್ತಿಗೆ, ಬೇಜಾರ್ ಮಾಡ್ಕಬ್ಯಾಡಿ," ಎಂದ ಮೈದುನ. "ನಂಗೇನ್ ಗೊತ್ತು ನನ್ ಗಾಳಕ್ಕೇ ಬರುತ್ತೆ ಅಂತ."

"ಇಲ್ಲಪ್ಪ," ಎಂದೆ. "ನಿನ್ನ ಅದೃಷ್ಟ."

ತಾಂಡೇಲ ದೋಣಿಯನ್ನು ದಡದ ಕಡೆ ತಿರುಗಿಸಿದ. ನನ್ನ ಗಂಡ ಮಾತ್ರ ದಾರ ಎಳೆದುಕೊಳ್ಳದೆ ಹಾಗೆಯೇ ಕುಳಿತಿದ್ದರು. ಹಿಂದಕ್ಕೆ ಬರುವ ದಾರಿಯಲ್ಲಿ ಅವರು ಒಮ್ಮೆಲೇ ಮುಂದಕ್ಕೆ ಮುಗ್ಗರಿಸಿದರು. ಕೈಗೆ ಸುತ್ತಿದ್ದ ಬಟ್ಟೆ ಕಿತ್ತು ಹೋಯಿತು. ದೂರದಲ್ಲಿ ನೀರು ಒಡೆದು ಏನೋ ಬೆಳ್ಳಿಯದು ಮೇಲಕ್ಕೆ ಹಾರಿ ಬಿತ್ತು. ಆ ಸದ್ದು ಎಂಜಿನ್ನನ್ನೂ ಮೀರಿ ಕೇಳಿಸಿತು. ಗಾಳದವನು ಓಡಿ ಬಂದ. ಇಬ್ಬರೂ ಸೇರಿ ಎಳೆದರು, ಬಿಟ್ಟರು, ಮತ್ತೆ ಎಳೆದರು. ಕೊಕ್ಕೆ ಹಾಕಿ ಒಳಗೆ ಎತ್ತಿದಾಗ ಅದು ಹಲಗೆಯ ಮೇಲೆ ಎಷ್ಟು ಬಡಿದಾಡಿತೆಂದರೆ ಅತ್ತೆಯ ಸೀರೆಗೂ ನನ್ನ ಮುಖಕ್ಕೂ ರಕ್ತ ಸಿಡಿಯಿತು. ತಲೆಗೆ ಹೊಡೆದ ಮೇಲೂ ಬಹಳ ಹೊತ್ತು ಅದರ ಬಾಲ ನಡುಗುತ್ತಲೇ ಇತ್ತು. ಬೆನ್ನು ನವಿಲಿನ ಕತ್ತಿನ ಬಣ್ಣಕ್ಕಿತ್ತು. ನೋಡುತ್ತಿದ್ದ ಹಾಗೆಯೇ ಆ ಬಣ್ಣ ಇಳಿದು ಬೂದಿಯಾಗುತ್ತಾ ಬಂತು.

ನಾನು ಅದರ ಮೇಲೆ ಕೈ ಇಟ್ಟೆ.

ಅದು ತಣ್ಣಗಿರಲಿಲ್ಲ. ಬೆಳಿಗ್ಗೆ ನಾನು ಮುಟ್ಟಿದ ಸಮುದ್ರದಷ್ಟೇ, ಅಥವಾ ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು ಬೆಚ್ಚಗಿತ್ತು. ಇನ್ನೊಂದು ಕೈಯನ್ನು ಪಕ್ಕದಲ್ಲಿದ್ದ ಮೈದುನನ ಮೀನಿನ ಮೇಲೆ ಇಟ್ಟೆ. ಅಷ್ಟು ಹೊತ್ತು ಬಿಸಿಲಲ್ಲಿ ಬಿದ್ದಿದ್ದರೂ ಅದರ ಹೊಟ್ಟೆಯ ಕೆಳಗೆ ಇನ್ನೂ ನಮ್ಮ ಹಾನುಬಾಳಿನ ಮೀನಿನ ಚಳಿಯಿತ್ತು. ಆ ಮೀನಿನಿಂದ ಒಂದು ಹನಿ ರಕ್ತವೂ ಹಲಗೆಗೆ ಬಿದ್ದಿರಲಿಲ್ಲ. ಅದು ನಾನು ಮೊದಲು ನೋಡಿದಾಗಲೇ ಬೂದಿ ಬಣ್ಣಕ್ಕಿತ್ತು.

ನಾನು ಎರಡು ಮೀನಿನ ಮೇಲೆ ಎರಡು ಕೈ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದೆ. ತಲೆ ಎತ್ತಿದಾಗ ತಾಂಡೇಲ ನನ್ನನ್ನೇ ನೋಡುತ್ತಿದ್ದ. ಅವನು ಮುಖ ತಿರುಗಿಸಿ ಸಮುದ್ರ ನೋಡತೊಡಗಿದ. ಗಾಳದವನು ಟಾರ್ಪಾಲು ಸರಿಸಿ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಪೂರ್ತಿ ಐಸು, ಮೇಲೆಲ್ಲ ಸಮನಾಗಿತ್ತು. ನಡುವೆ ಮಾತ್ರ ಉದ್ದಕ್ಕೆ ಒಂದು ಕುಳಿ. ತೋಳುದ್ದದ್ದು. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಬಾಲದಂತೆ ಕವಲು. ಅವನು ಸಲಿಕೆಯಿಂದ ಬೇಗ ಐಸನ್ನು ಕದಡಿ ಎರಡೂ ಮೀನುಗಳನ್ನು ಹಾಕಿ ಮುಚ್ಚಿದ.

ಆ ಪೆಟ್ಟಿಗೆಯಿಂದ ಯಾರೋ ಮೀನು ತೆಗೆದದ್ದನ್ನು ನಾನು ಕಂಡಿಲ್ಲ. ಕಂಡೆ ಎಂದು ಬರೆಯಲಾರೆ. ಕಂಡದ್ದು ಆ ಕುಳಿ, ಮುಟ್ಟಿದ್ದು ಆ ಚಳಿ.

ಮುಚ್ಚುವ ಮೊದಲು ಇನ್ನೊಂದು ನಡೆದಿತ್ತು. ನನ್ನ ಗಂಡ ಬಂದು, ದಾರ ಕೊಯ್ದ ಕೈಯಿಂದಲೇ ತಮ್ಮ ಮೀನನ್ನು ಮುಟ್ಟಿ, ಆಮೇಲೆ ತಮ್ಮನ ಮೀನನ್ನೂ ಮುಟ್ಟಿದರು. ಅವರ ಬೆರಳು ಅಲ್ಲೇ ನಿಂತಿತು. ಅವರು ಹೊಳೆಯಲ್ಲಿ ಮೀನು ಹಿಡಿದು ಬೆಳೆದವರು, ಬದುಕಿದ್ದ ಮೀನು ಹೇಗಿರುತ್ತದೆ ಎಂದು ಅವರಿಗೆ ಗೊತ್ತು. ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು, "ಏನೇ ಆಗ್ಲಿ, ತಮ್ಮಂದೇ ಮೊದ್ಲು," ಎಂದರು.

ಜೀಪು ಘಾಟಿ ಹತ್ತುವಾಗ ಅತ್ತೆ ಹಾದಿಯುದ್ದಕ್ಕೂ ಕಿರಿಯ ಮಗನನ್ನು ಹೊಗಳುತ್ತಿದ್ದರು. ಸಿಗಬೇಕಾದ ಹಕ್ಕು ಬಿಟ್ಟುಕೊಟ್ಟ, ದೇವರು ತಿರುಗಿ ಅವನಿಗೇ ಕೊಟ್ಟ ಎಂದು. ನಾನು ಯೋಚನೆ ಮಾಡುತ್ತಿದ್ದದ್ದು ಅದನ್ನೇ. ಮೈದುನ ಪದ್ಧತಿಯಂತೆ ಮೇಲಿನ ತೋಟವನ್ನು ಕೇಳಿದ್ದರೆ ಯಾರೂ ಇಲ್ಲ ಎನ್ನುವ ಹಾಗಿರಲಿಲ್ಲ. ನಾನು ಅತ್ತು ಸುಮ್ಮನಾಗುತ್ತಿದ್ದೆ. ಅವನಿಗೆ ತೋಟವೂ ಬೇಕಿತ್ತು, ತೋಟ ಬಿಟ್ಟುಕೊಟ್ಟವನೆಂಬ ಹೆಸರೂ ಬೇಕಿತ್ತು. ಅದಕ್ಕಾಗಿ ನಮ್ಮೆಲ್ಲರನ್ನೂ ಸಮುದ್ರದವರೆಗೆ ಕರೆದುಕೊಂಡು ಹೋಗಿದ್ದ. ಅವನ ತಟ್ಟೆಗೆ ಹಾಕಿದ ರೊಟ್ಟಿ ನೆನಪಾಗಿ ನನಗೆ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಪಾಲಿಗೆ ಕೂರಲು ಊರಿನ ಹಿರಿಯರು ಬಂದರು. ಅಂಜಲ್ ಊಟಕ್ಕೆಂದೇ ಕರೆದದ್ದು. ಐಸು ತುಂಬಿ ಮನೆಗೆ ತಂದಿದ್ದ ಪೆಟ್ಟಿಗೆ ತೆರೆದಾಗ ಎರಡು ಮೀನುಗಳೂ ಒಂದೇ ಬಣ್ಣಕ್ಕೆ, ಒಂದೇ ಚಳಿಗೆ ಬಂದಿದ್ದವು. ಯಾರಿಗೂ ತೋರಿಸುವ ಹಾಗೆ ನನ್ನ ಬಳಿ ಏನೂ ಉಳಿದಿರಲಿಲ್ಲ. ನಾನೇ ಕೊಯ್ದೆ, ನಾನೇ ಮಸಾಲೆ ಅರೆದೆ, ಕಾವಲಿಯ ಮೇಲೆ ನಾನೇ ಹುರಿದೆ.

ಊಟ ಮುಗಿದು ಎಲ್ಲರೂ ಜಗುಲಿಯಲ್ಲಿ ಕುಳಿತರು. ಮೈದುನ ತನ್ನ ಪಾಲು ಹೇಳಿದ, ಮೇಲಿನ ತೋಟ. ಪಕ್ಕದ ತೋಟದ ಹಿರಿಯರು, ಆ ದಿನ ಮಾತು ನಡೆಸುತ್ತಿದ್ದವರು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆದರು. "ನೋಡವ್ವ, ಆ ತೋಟಕ್ಕೆ ನೀನು ಬೆವರು ಸುರ್ಸಿದೀಯ, ನಮ್ಗೂ ಗೊತ್ತೈತೆ. ಮನ್ಸಲ್ಲೇನಾದ್ರೂ ಇದ್ರೆ ಈಗ್ಲೇ ಹೇಳ್ಬುಡು. ಆಮೇಲೆ ಬ್ಯಾಡ."

ಹಾಗೆ ಯಾರೂ ನನ್ನನ್ನು ಅದುವರೆಗೆ ಕೇಳಿರಲಿಲ್ಲ. ನಾನು ಹೇಳಿದೆ: "ಮೈದುನ ಹಿಡಿದ ಮೀನು ತಣ್ಣಗಿತ್ತು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ.

"ತಣ್ಣಗಿತ್ತು ಅಂದ್ರೆ?"

"ನೀರಿನಿಂದ ಎತ್ತಿದಾಗಲೇ ಐಸಿನ ಹಾಗಿತ್ತು. ಸಮುದ್ರ ಬೆಚ್ಚಗಿತ್ತು. ಅತ್ತೇನೂ ಮುಟ್ಟಿ ನೋಡಿದ್ದಾರೆ."

ಜಗುಲಿಯೆಲ್ಲ ನಕ್ಕಿತು. ಕೆಟ್ಟ ನಗುವಲ್ಲ. ಮಗು ಏನೋ ಹೇಳಿದರೆ ನಗುವ ಹಾಗೆ. "ಅಲ್ಲ ಕಣವ್ವ," ಎಂದರು ಒಬ್ಬರು, "ಮೀನು ತಣ್ಣಗಿರ್ದೆ ಮತ್ತಿನ್ನೇನು, ಕಾಫಿ ಹಂಗೆ ಬಿಸಿ ಇರ್ತದಾ?" ಇನ್ನೊಬ್ಬರು, "ನಾನ್ ಹುಟ್ಟಿದಾಗಿಂದ ಬೆಚ್ಚಗಿರೋ ಅಂಜಲ್ ಮುಟ್ಟಿಲ್ಲ ಮಾರಾಯ, ಬೆಚ್ಚಗಿದ್ರೆ ವಾಪಸ್ ಕೊಟ್ಬುಡ್ತೀನಿ," ಎಂದರು. ಮತ್ತೆ ನಗು. ಅವರು ಹೇಳಿದ್ದು ಅವರ ಮಟ್ಟಿಗೆ ನಿಜವೇ. ಮುನ್ನಾದಿನ ದೋಣಿಯ ಮೇಲೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅತ್ತೆಯ ಮುಖ ಕೆಂಪಾಗಿತ್ತು. "ನಂಗೆ ತಲೆ ಸುತ್ತಿ ಬಿದ್ದಿದ್ದೆ. ನಂಗೇನೂ ಗೊತ್ತಿಲ್ಲ," ಎಂದರು.

ಮೈದುನ ನಗಲಿಲ್ಲ. ಅವನು ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದ.

ಹಿರಿಯರು ನಗು ನಿಲ್ಲಿಸಿ ನನ್ನ ಗಂಡನ ಕಡೆ ತಿರುಗಿದರು. ಅವರು ನ್ಯಾಯವಾಗಿಯೇ ಕೇಳಿದರು. "ನೀನೂ ದೋಣೀಲಿದ್ದೆಯಲ್ಲಪ್ಪ. ಮುಟ್ಟಿದ್ದೆ ತಾನೆ? ನೀನೇನಂತೀಯ?"

ನನ್ನ ಗಂಡನ ಕೈಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿತ್ತು, ದಾರ ಕೊಯ್ದ ಗಾಯಕ್ಕೆ. ಅವರು ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಅವರನ್ನೇ ನೋಡುತ್ತಾ ನಿಂತಿದ್ದೆ. ಅವರು ನನ್ನನ್ನು ನೋಡಲಿಲ್ಲ.

"ಮೀನು ತಣ್ಣಗೇ ಇರ್ತೈತೆ," ಎಂದರು.

ಅಲ್ಲಿಗೆ ಮುಗಿಯಿತು. ಎಲೆ ಅಡಿಕೆಯ ತಟ್ಟೆ ಸುತ್ತು ಬಂತು. ನಾನು ಒಳಗೆ ಹೋಗಿ ಕಾವಲಿ ತೊಳೆದೆ.

ಎಲ್ಲರೂ ಹೋದ ಮೇಲೆ ಅವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಕೇಳದೆಯೇ ಹೇಳಿದರು. "ಅವನು ಕೇಳಿದ್ರೆ ನಾನೇ ಕೊಡ್ತಿದ್ದೆ. ಕೇಳ್ದೆ ತಗಂಡ. ಅಷ್ಟು ಜನದ ಮುಂದೆ ನಾನು ಬಾಯ್ಬಿಟ್ಟಿದ್ರೆ ಅವನ ಮದ್ವೆ ನಿಂತೋಗ್ತಿತ್ತು. ಅವ್ವ ಎದೆ ಒಡ್ಕಂಡು ಸಾಯ್ತಿದ್ಲು. ಅವನು ನನ್ ತಮ್ಮ ಕಣೆ."

"ನಾನು?" ಎಂದೆ.

ಅವರು ಕಣದ ಕಡೆ ಹೋದರು.

ಮೈದುನನ ಮೇಲೆ ನನಗಿದ್ದ ಸಿಟ್ಟು ವರ್ಷ ಕಳೆದಂತೆ ಮೊಂಡಾಯಿತು. ಅವನು ಮೇಲೆ ಮನೆ ಕಟ್ಟಿಕೊಂಡ, ಒರತೆಯ ನೀರಿಗೆ ಸ್ಪ್ರಿಂಕ್ಲರ್ ಹಾಕಿದ, ತೋಟವನ್ನು ಕೆಡಿಸಲಿಲ್ಲ. ನಾನು ಹಬ್ಬಿಸಿದ ಬಳ್ಳಿಗಳು ಈಗ ಏಣಿಗೂ ನಿಲುಕದಷ್ಟು ಎತ್ತರಕ್ಕಿವೆ ಎಂದು ಅವನ ಹೆಂಡತಿ ಹೇಳುತ್ತಾಳೆ. ಒಳ್ಳೆಯ ಹುಡುಗಿ, ಅವಳಿಗೆ ಏನೂ ಗೊತ್ತಿಲ್ಲ. ನಾನು ಇಲ್ಲಿಯವರೆಗೆ ಬೇಲಿ ದಾಟಿ ಅಲ್ಲಿಗೆ ಹೋಗಿಲ್ಲ. ಅವನು ಮಾಡಿದ್ದನ್ನು ಮೋಸ ಎಂದು ಕರೆಯಬಹುದು, ಅದಕ್ಕೆ ಒಂದು ಹೆಸರಿದೆ. ಜಗುಲಿಯಲ್ಲಿ ನಡೆದದ್ದಕ್ಕೆ ನಾನು ಇನ್ನೂ ಹೆಸರು ಹುಡುಕುತ್ತಿದ್ದೇನೆ.

ಮೀನಿನ ವ್ಯಾನು ಈಗಲೂ ಬರುತ್ತದೆ. ಆ ಹಳೆಯವನಲ್ಲ, ಬೇರೆ ಯಾರೋ. ಹಾರ್ನ್ ಕೇಳಿದರೆ ನಾವಿಬ್ಬರೂ ರಸ್ತೆಗೆ ಹೋಗುತ್ತೇವೆ. ಮೀನಿನವನು ಮುಚ್ಚಳ ಎತ್ತಿ, "ಮುಟ್ಟಿ ನೋಡಿ ಸಾರ್, ಫ್ರೆಶ್ ಉಂಟು," ಎನ್ನುತ್ತಾನೆ. ಮೊದಲೆಲ್ಲ ಒಳ್ಳೆಯ ಮೀನು ಆರಿಸುವುದೆಂದರೆ ನನ್ನ ಗಂಡನಿಗೆ ಬಹಳ ಖುಷಿ. ಪೆಟ್ಟಿಗೆಗೆ ಮೊಣಕೈವರೆಗೂ ಕೈ ಹಾಕುತ್ತಿದ್ದರು. ಆ ಮಾರ್ಚ್ ತಿಂಗಳ ನಂತರ ಅವರು ಹಸಿ ಮೀನನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. "ನೀನೇ ನೋಡು," ಎಂದು ಹೇಳಿ ರಸ್ತೆಯ ಬದಿಗೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ನಾನು ಐಸಿನೊಳಗೆ ಕೈ ಇಡುತ್ತೇನೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಇಟ್ಟಿರುತ್ತೇನೆ.